ಕೆಂಪು ಟ್ಯಾಗ್ ಕಟ್ಟಿದ ದೀಪ

"ಮೇಡಂ, ಆ ಬಾಣ ಅಲ್ಲಿಗೆ ಹೋಗಲ್ಲ."

ಹಿಂದಿನ ಬೆಂಚಿನಿಂದ ಬಂದ ದನಿಗೆ ಸ್ಪಂದನ ತಟ್ಟನೆ ತಿರುಗಿದಳು. ಸೂಪರ್‌ವೈಸರ್ ಭೈರೇಶ್! ತಿಂಗಳಿಂದ ಅವಳೊಡನೆ ಮಾತು ಬಿಟ್ಟಿದ್ದ ಪುಣ್ಯಾತ್ಮ ಇವತ್ತು ಬಾಯಿ ಬಿಟ್ಟಿದ್ದ, ಅದೂ ತಪ್ಪು ಹುಡುಕಲು.

ರಾಜಾಜಿನಗರದ ಆ ಲೇತ್ ಕಾರ್ಖಾನೆಗೆ ತರಬೇತಿ ಕೊಡಲು ಈಚೆಗೆ ಸೇರಿದವಳು ಅವಳು. ಸಮಸ್ಯೆ ಬಿಡಿಸುವ ವಿಧಾನವನ್ನು ಚೌಕದ ಮನೆಗಳು, ಬಾಣಗಳಲ್ಲಿ ಬರೆದ ಫ್ಲೋಚಾರ್ಟನ್ನು ಗೋಡೆಗೆ ಅಂಟಿಸಿ ವಿವರಿಸುತ್ತಿದ್ದಳು. ಕೊನೆಗೆ 'ಸರಿಹೋಯಿತೇ?' ಎಂಬ ಮನೆ. 'ಇಲ್ಲ' ಎಂದರೆ ಬಾಣ ಪರಿಹಾರದ ಮನೆಗೆ, ಇನ್ನೊಂದು ಪರಿಹಾರ ಮಾಡಿ ಎಂದಿದ್ದಳು.

"ಬಾಣ ವಾಪಸ್ ಕಾರಣದ ಮನೆಗೆ ಹೋಗುತ್ತೆ. ಕಾರಣಾನೇ ಗೊತ್ತಿಲ್ದೆ ಎಷ್ಟ್ ಪರಿಹಾರ ಮಾಡಿದ್ರೂ ಅಷ್ಟೇ."

ಬಾಣದ ಮೇಲೆ ಬೆರಳಿಟ್ಟು ನೋಡಿದಳು. ಹೌದು... ತಾನೂ ಇದನ್ನೇ ಅಲ್ಲವೇ ಮಾಡಿದ್ದು? ಮೊದಮೊದಲು ಟೀ ಹೊತ್ತಿಗೆ ಜೊತೆಗಿರುತ್ತಿದ್ದ ಭೈರೇಶ್ ಮುಖ ತಿರುಗಿಸಿದಾಗ ತಾನೂ ತಿರುಗಿಸಿದಳು. ಕ್ಯಾಂಟೀನಿನ ಹೊತ್ತು ಬದಲಿಸಿದಳು. ಯಾಕೆ ಎಂದು ಮಾತ್ರ ಕೇಳಲಿಲ್ಲ. ಗೋವಿಂದರಾಜನಗರದ ಬಾಡಿಗೆ ಮನೆಯ ಬೀಗ ತೆಗೆದರೆ 'ಬಂದ್ಯಾ' ಎನ್ನುವವರಿಲ್ಲ. ಊರ ತುಂಬ ಜನ, ತನಗೆ ಮಾತ್ರ ಯಾರೂ ಇಲ್ಲ ಅನ್ನಿಸಿ ಊಟವೇ ಸೇರುತ್ತಿರಲಿಲ್ಲ.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವನನ್ನು ತಡೆದಳು.

"ಕಾರಣ ಏನು ಭೈರೇಶ್?"

ಅವನು ನೆಲ ನೋಡಿದ. "ನಾನು ಮಾಡ್ಕೊಟ್ಟ ದೀಪಕ್ಕೆ ಕೆಂಪು ಟ್ಯಾಗ್ ಕಟ್ಟಿದ್ರಲ್ಲ..."

ಉಳಿದ ಹಿತ್ತಾಳೆ ತುಂಡನ್ನು ಲೇತಿಗೆ ಹಾಕಿ ಕಡೆದು, ಪುಟ್ಟ ದೀಪ ಮಾಡಿ ಅವಳ ಮೇಜಿನ ಮೇಲಿಟ್ಟಿದ್ದ ಅವನು.

"ಬೇರೆ ಯಾರೂ ಮುಟ್ಟದಿರ್ಲಿ ಅಂತ ಕಟ್ಟಿದ್ದು!"

"ನಮ್ಮಲ್ಲಿ ಕೆಂಪು ಅಂದ್ರೆ ಕೆಟ್ಟ ಪೀಸು ಮೇಡಂ. ಸೀದಾ ಗುಜರಿಗೆ. ನನ್ನ ಮನಸ್ಸನ್ನೂ ಅಲ್ಲಿಗೇ ಹಾಕಿದ್ರಿ ಅಂದ್ಕೊಂಡೆ."

ಕೇಳಿದ್ದರೆ ನಿಮಿಷದ ಮಾತು. ಇಬ್ಬರಿಗೂ ಬಿಂಕ, ಇನ್ನೇನು! ಸ್ಪಂದನಳಿಗೆ ನಗು, ಅಳು ಒಟ್ಟಿಗೇ ನುಗ್ಗಿ ಬಂದವು.

"ಈಗೆಲ್ಲಿದೆ ದೀಪ?"

"ಮನೇಲಿ. ಗುಜರಿಗೆ ಹೋಗೋದ್ಬೇಡ ಅಂತ ನಿಮ್ಮ ಮೇಜಿಂದ ನಾನೇ ಎತ್ಕೊಂಡ್ ಹೋದೆ. ದಿನಾ ಸಂಜೆ ಹಚ್ತೀನಿ. ನನ್ನ ಜೊತೆ ಇರೋದು ಅದೊಂದೇ."

ಭೈರೇಶ್ ಜೇಬು ತಡಕಿ ಹಸಿರು ಟ್ಯಾಗ್ ತೆಗೆದ. ಪಾಸಾದ ಪೀಸಿಗೆ ಕಟ್ಟುವಂಥದ್ದು. ಕೊಡಲೋ ಬೇಡವೋ ಎಂದು ನಿಂತಿದ್ದವನ ಕೈಯಿಂದ ಅವಳೇ ಕಿತ್ತುಕೊಂಡು ಅವನ ಅಂಗಿಯ ಗುಂಡಿಗೆ ಕಟ್ಟಿದಳು.

"ಪಾಸಾ ಮೇಡಂ?"

"ಮೇಡಂ ಅಂದ್ರೆ ಫೇಲು." ಕಣ್ಣೊರೆಸಿಕೊಂಡಳು. "ಸಂಜೆ ಆ ದೀಪ ತಗೊಂಡು ನಮ್ಮನೆಗೆ ಬನ್ನಿ. ಒಬ್ಳೇ ದೀಪ ಹಚ್ಚಿ ಹಚ್ಚಿ ಸಾಕಾಗಿದೆ ನಂಗೆ."