ಸವೆಯದ ಕಾರು

"ತಗೋಬ್ಯಾಡ್ರಿ ಅಣ್ಣಾರ. ಈ ಗಾಡಿ ಸವೆಯಂಗಿಲ್ಲ. ಕುಂತೋರು ಸವೀತಾರ."

ಹಲವಾಗಲಿನ ಹಂಪಮ್ಮ ಹೀಗೆ ಹೇಳುವಾಗ ಕ್ರಾಂತಿಕುಮಾರ್ ಕಾರಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಡುತ್ತಿದ್ದ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟ ನಲವತ್ತೆಂಟರ ಆಸಾಮಿ ಅವನು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲಿಯವರೇ ಹಳೇ ಕಾರು ಕೊಳ್ಳಲಿ, ಮೊದಲು ಅವನಿಗೆ ತೋರಿಸಬೇಕು. ಅವನು ಬೇಡ ಎಂದರೆ ಬೇಡ. ಆ ಮಾತನ್ನು ಮೀರಿ ಕೊಂಡವನು ಇನ್ನೂ ಹುಟ್ಟಿರಲಿಲ್ಲ.

ಇವತ್ತು ಅವನು ಬಂದಿದ್ದು ಮಗಳಿಗಾಗಿ. ಅಮೃತಾ ಹಡಗಲಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುತ್ತಿದ್ದಳು. ಲೈಸೆನ್ಸ್ ಕೈಗೆ ಬಂದು ತಿಂಗಳಾಗಿತ್ತು.

ಹೊರಗೆ ಉರಿಬಿಸಿಲು, ತಗಡಿನ ಕೊಟ್ಟಿಗೆಯೊಳಗೆ ಮಾತ್ರ ಕಗ್ಗತ್ತಲೆ. ಬಾಡಿದ ಮಲ್ಲಿಗೆ, ಕರ್ಪೂರದ ಮಸಿ, ಹಳೇ ಗೋಣಿಚೀಲ, ಎಲ್ಲದರ ವಾಸನೆ ಒಂದಾಗಿ ಗಂಟಲಿಗೆ ಅಡರುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕ ಕೈ ನಡುಗಿಸುತ್ತ ಕೂತಿದ್ದ. ಈಕೆಯ ಮಾವನಿರಬೇಕು ಎಂದುಕೊಂಡು ಕ್ರಾಂತಿಕುಮಾರ್ ಒಂದು ನಮಸ್ಕಾರ ಒಗೆದು ಮುಗಿಸಿದ್ದ.

ಏಳು ವರ್ಷದ ಕಾರು. ಮೀಟರಿನಲ್ಲಿ ಬರೀ ಒಂಬತ್ತು ಸಾವಿರದ ಎಂಟುನೂರ ಹನ್ನೆರಡು. ತಿರುಗಿಸಿರಲೇಬೇಕು ಎಂಬ ಗುಮಾನಿಯಲ್ಲೇ ಅವನು ಬಂದಿದ್ದು. ಮೀಟರ್ ಸುಳ್ಳು ಹೇಳಬಹುದು, ಪೆಡಲ್ ಹೇಳುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವನು ಅವನೇ. ಕ್ಲಚ್ ಪೆಡಲಿನ ರಬ್ಬರ್ ನೋಡಿದ, ಗೆರೆಗಳು ಹಾಗೇ ಇದ್ದವು. ಸ್ಟೇರಿಂಗ್ ಎಲ್ಲೂ ನುಣುಪಾಗಿರಲಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದ, ಒಂದು ಎಳೆಯೂ ಎದ್ದಿರಲಿಲ್ಲ. ಡ್ಯಾಶ್‌ಬೋರ್ಡಿನ ಸ್ಕ್ರೂಗಳನ್ನು ಯಾರೂ ಮುಟ್ಟಿರಲಿಲ್ಲ. ಟೈರುಗಳು ಏಳು ವರ್ಷದ ಹಿಂದಿನವೇ, ಅವುಗಳ ತಾರೀಖು ಅಲ್ಲೇ ಅಚ್ಚಾಗಿತ್ತು. ಉಗುರಿನಿಂದ ಒತ್ತಿದರೆ ರಬ್ಬರ್ ಮೆತ್ತಗಿತ್ತು. ಇಷ್ಟು ವರ್ಷ ನಿಂತ ರಬ್ಬರ್ ಬಿರಿದಿರಬೇಕಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಸೆ ಕಣ್ಣು ಕಟ್ಟಿತ್ತು ನೋಡಿ, ಅದನ್ನು ಅಲ್ಲಿಗೇ ಬಿಟ್ಟ.

ಡ್ರೈವರ್ ಸೀಟಿನ ಕೆಳಗೆ ಒಂದು ತಾಮ್ರದ ತಗಡು. ಏಳು ಮೊಳೆ ಬಡಿದಿದ್ದರು. ಒಳಗಿನಿಂದ ಕೂದಲು ಇಣುಕುತ್ತಿತ್ತು.

"ಗಾಡಿ ತಗೊಂಡು ವರ್ಷಾದ ಮ್ಯಾಲೆ, ಕಣ್ಣು ತಾಕಬಾರ್ದು, ಗೀರು ಬೀಳಬಾರ್ದು, ಸವೆಯಬಾರ್ದು ಅಂತ ಮಾಟಗಾರನ್ನ ಕರೆಸಿದ್ವಿರಿ" ಎಂದಳು ಹಂಪಮ್ಮ. "ಆ ಸವೆತ ಎಲ್ಲಿಗರ ಹೋಗಬೇಕಲ್ರಿ."

ಕ್ರಾಂತಿಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ತಂಗೀ, ಅಂಥಾ ಮಾಟ ನನ್ನ ಗಿರಾಕಿಗಳಿಗೆಲ್ಲ ಮಾಡಿಸಿಕೊಡು. ಗ್ಯಾರೇಜ್ ಬಾಗಲಾ ಹಾಕ್ಕೊಂಡು ಆರಾಮ ಮಲಗ್ತೀನಿ. ತಾ ಇಲ್ಲಿ ಕೀಲಿ."

ಅವಳು ಕೊಡಲಿಲ್ಲ, ಅಂಗೈ ಮೇಲೆ ಇಟ್ಟು ಚಾಚಿದಳು. ಅವನೇ ಎತ್ತಿಕೊಂಡ. ಮುದುಕ ಎದ್ದು ನಿಂತು, ಎಷ್ಟೋ ದಿನದಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. ಕಾಗದಕ್ಕೆ ಸಹಿ ಹಾಕಿದ್ದೂ ಅವನೇ. ಆಧಾರ್ ನಕಲನ್ನು ಕ್ರಾಂತಿಕುಮಾರ್ ಮಡಚಿ ಜೇಬಿಗಿಟ್ಟುಕೊಂಡ. ಕಾರಿನ ಮೂಲೆ ಮೂಲೆ ನೋಡಿದ ಪುಣ್ಯಾತ್ಮ ಮಾಲೀಕನ ಮುಖ ನೋಡಲಿಲ್ಲ.

"ಒಂದು ತಿಂಗಳು ನಾನು ಓಡಿಸ್ತೀನಿ. ಎಲ್ಲೂ ಕೈ ಕೊಡಂಗಿಲ್ಲ ಅಂತ ಗೊತ್ತಾದ ಮ್ಯಾಲೆ ಕೀಲಿ ನಿಂದ" ಎಂದು ಮಗಳಿಗೆ ಮಾತು ಕೊಟ್ಟ.

ವಾರದೊಳಗೆ ಕ್ಲಚ್ ತುಳಿಯುವ ಎಡಗಾಲಿನ ಮಂಡಿ ಹಿಡಿದುಕೊಂಡಿತು. ಹಡಗಲಿಗೆ ಹತ್ತು ಸಲ ಹೋಗಿ ಬಂದರೂ ಮೀಟರ್ ಒಂಬತ್ತು ಸಾವಿರದ ಎಂಟುನೂರ ಹನ್ನೆರಡರಲ್ಲೇ ನಿಂತಿತ್ತು. ವೈರ್ ಬಿಚ್ಚಿ ನೋಡಿದ, ದೋಷವಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿಟ್ಟರೆ ಯಂತ್ರ ತೆಗೆದುಕೊಳ್ಳಲಿಲ್ಲ. ಅಂಗೈ ನೋಡಿಕೊಂಡ. ಗೆರೆಗಳೇ ಇಲ್ಲ! ಸ್ಟೇರಿಂಗ್ ಹಿಡಿಯುವ ಕಡೆಯೆಲ್ಲ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಒಂದು ಮಧ್ಯಾಹ್ನ ಜಲ್ಲಿ ಲಾರಿಯಿಂದ ಕಲ್ಲು ಹಾರಿತು. ಠಣ್! ಗಾಜಿಗೆ ಚುಕ್ಕೆಯೂ ಬೀಳಲಿಲ್ಲ. ಬಾಯೊಳಗೆ ಏನೋ ಒಡೆಯಿತು. ರಕ್ತದ ಉಪ್ಪು. ಮುಂದಿನ ಹಲ್ಲು ಎರಡು ತುಂಡಾಗಿ ತೊಡೆಯ ಮೇಲೆ ಬಿತ್ತು.

ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಬಿಟ್ಟ. ಗಾಡಿ ನಿಂತರೂ ಕೆಡುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹದಿನೈದು ದಿನದಲ್ಲಿ ಹಿಮ್ಮಡಿ, ಮೊಣಕೈ, ತುಟಿ ಎಲ್ಲ ಬಿರಿದವು. ಕೂದಲು ಬೆಳ್ಳಗಾಯಿತು. ಬೆಳಿಗ್ಗೆ ಏಳಬೇಕೆಂದರೆ ಎರಡು ಮೂರು ಸಲ ಪ್ರಯತ್ನಿಸಬೇಕು.

ಸೀಟಿನ ಕೆಳಗೆ ತಲೆ ತೂರಿಸಿ ಇಕ್ಕಳದಿಂದ ತಗಡಿನ ಮೊಳೆ ಹಿಡಿದ. ಎಳೆದ. ಮೊಳೆ ಅಲುಗಿತು. ಎದೆಯೊಳಗೂ ಏನೋ ಅಲುಗಿತು. ಉಸಿರು ಕಟ್ಟಿತು. ಕಣ್ಣು ಕತ್ತಲೆ. ಬಾಡಿದ ಮಲ್ಲಿಗೆಯ ವಾಸನೆ ಮೂಗಿಗೆ ತುಂಬಿತು. ಹೆಬ್ಬೆರಳಿನಿಂದ ಮೊಳೆಯನ್ನು ತಿರುಗಿ ಒತ್ತಿದ. ಆಮೇಲೆ ಉಸಿರು ಬಂತು.

ಆಧಾರ್ ನಕಲು ನೆನಪಾಗಿದ್ದು ಆಗ. ತೆಗೆದು ನೋಡಿದ. ಪಾಲಾಕ್ಷ. ಕಪ್ಪು ಮೀಸೆಯ ಗಟ್ಟಿ ಆಳು. ಹುಟ್ಟಿದ ವರ್ಷ ಲೆಕ್ಕ ಹಾಕಿದರೆ ಮೂವತ್ತೊಂಬತ್ತು. ಕೊಟ್ಟಿಗೆಯಲ್ಲಿ ಸಹಿ ಹಾಕಿದ ಮುದುಕ ಇವನೇ.

ಬಸ್ ಹಿಡಿದು ಹಲವಾಗಲಿಗೆ ಹೋದ. ಅಂಗಳದಲ್ಲಿ ಪಾಲಾಕ್ಷ ಮೆಕ್ಕೆಜೋಳದ ಚೀಲವನ್ನು ಒಂದೇ ಏಟಿಗೆ ಹೆಗಲಿಗೆ ಎತ್ತುತ್ತಿದ್ದ. ಕ್ರಾಂತಿಕುಮಾರನನ್ನು ಕಂಡವನೇ ಮುಖ ತಿರುಗಿಸಿ ಒಳಗೆ ನಡೆದ. ಹಂಪಮ್ಮ ಬಾಗಿಲಲ್ಲೇ ನಿಂತಳು.

"ಹೇಳಲಾರ್ದ ಕೊಟ್ರ ಮಾಟ ದಾಟಂಗಿಲ್ರಿ. ಹೇಳಬೇಕು. ಕೇಳಿದೋರು ನಗಬೇಕು. ನಕ್ಕು ತಾವ ಕೀಲಿ ತಗೋಬೇಕು. ಆರು ಮಂದಿಗಿ ಹೇಳಿದ್ವಿ, ಹೆದರಿ ಹೋದ್ರು. ನೀವೊಬ್ರ ನಕ್ಕಿದ್ದು."

"ವಾಪಸ್ ತಗೋ ತಂಗೀ. ಕೈ ಮುಗೀತೀನಿ."

"ಒಮ್ಮಿ ಬಿಟ್ಟೋರಿಗಿ ತಿರುಗಿ ಬರಂಗಿಲ್ಲ ಅಣ್ಣಾರ." ಅವಳು ಅಳುತ್ತಿದ್ದಳು. "ಬರಂಗಿದ್ರೂ ನಾ ತಗೊಳ್ಳತಿರಲಿಲ್ಲ. ಅವರು ನನ್ನ ಗಂಡ ಅದಾರ."

ಸರಿ, ನಗುವವನೊಬ್ಬ ಬೇಕು. ನೀಚ ಕೆಲಸವೆಂದು ಗೊತ್ತಿತ್ತು, ನಾಚಿಕೆಯಾಗುತ್ತಿತ್ತು, ಆದರೆ ಜೀವ ಕೇಳುತ್ತದೆಯೇ? ಕಾರು ನೋಡಲು ಕೂಡ್ಲಿಗಿಯಿಂದ ಒಬ್ಬ ಬಂದ, ಹಗರಿಬೊಮ್ಮನಹಳ್ಳಿಯಿಂದ ಇಬ್ಬರು. ಎಲ್ಲರಿಗೂ ಮಾಟದ ವಿಷಯ ಹೇಳಿದ. ಒಬ್ಬನೂ ನಗಲಿಲ್ಲ. ಕ್ರಾಂತಿಕುಮಾರ್ ಬೇಡವೆಂದ ಗಾಡಿ! ಕೈ ಮುಗಿದು, ಉಪಕಾರವಾಯಿತು ಎಂದು ಹೋದರು. ಇಪ್ಪತ್ತೈದು ವರ್ಷ ಸುಳ್ಳು ಹೇಳದೆ ಗಳಿಸಿದ ಹೆಸರು ಅವನನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿತ್ತು.

ಹೇಳಿದರೆ ತಕ್ಷಣ ನಗುವವಳು ಒಬ್ಬಳಿದ್ದಳು. ದೆವ್ವ, ಮಾಟ ಎಂದರೆ ನಗಬೇಕು ಎಂದು ಚಿಕ್ಕಂದಿನಿಂದ ಅವನೇ ಕಲಿಸಿದ್ದ. ಅವಳ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದ. ಅಮೃತಾ ಜಗಳವಾಡಿದಳು, ಮಾತು ಬಿಟ್ಟಳು. ಬಿಡಲಿ, ನೆಟ್ಟಗಿದ್ದರೆ ಸಾಕು ಎಂದುಕೊಂಡ.

ಕೊನೆಗೆ ಕೊಟ್ಟೂರಿನ ಗುರುಸಂಗಪ್ಪ ಬಂದ. ಯಾರ ಮಾತನ್ನೂ ಗೇಲಿ ಮಾಡದೆ ಬಿಡದ ಕಂಟ್ರಾಕ್ಟರ್. ಕ್ರಾಂತಿಕುಮಾರ್ ಗ್ಯಾರೇಜಿನ ಮೇಜಿನ ಮೇಲೆ ಕೀಲಿ ಇಟ್ಟು, ನಗೆ ಬರುವಂತೆ ರಾಗ ಎಳೆದು ಎಲ್ಲ ಹೇಳಿದ. ತಗಡು, ಕೂದಲು, ಹಲ್ಲು. ತಾನೂ ಹಲ್ಲು ಮುರಿದ ಬಾಯಲ್ಲಿ ನಕ್ಕು ತೋರಿಸಿದ.

ಗುರುಸಂಗಪ್ಪ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. "ಬ್ಯಾರೆಯೋರು ಹೇಳಿದ್ರ ನಗ್ತಿದ್ದೆ. ನೀವು ಹೇಳೀರಿ ಅಂದ ಮ್ಯಾಲೆ ಮುಗೀತು ಬಿಡ್ರಿ."

ಅಷ್ಟರಲ್ಲಿ ಬಾಗಿಲ ಕಡೆಯಿಂದ ನಗು ಕೇಳಿಸಿತು.

ಅಮೃತಾ. ಬಸ್ಸು ತಪ್ಪಿ ತಿರುಗಿ ಬಂದಿದ್ದಳು. ಊಟದ ಡಬ್ಬಿ ಕೈಯಲ್ಲೇ ಇತ್ತು. "ಯಪ್ಪಾ! ಇದಕ್ಕಾ ನೀನು ಕೀಲಿ ಬಚ್ಚಿಟ್ಟಿದ್ದು? ಮಾಟ ಅಂದ್ರ ನೀನ ನಗ್ತಿದ್ದಿ ಅಲ್ಲೋ!"

"ನಗಬ್ಯಾಡ." ಅವನು ಬಾಗಿಲ ಕಡೆ ತಿರುಗಿದ. "ಅಮೃತಾ, ನಗಬ್ಯಾಡವ್ವಾ. ಹೊರಗ ಹೋಗು."

ಅವಳಿಗೆ ನಗು ಇನ್ನೂ ಉಕ್ಕಿತು. ಒಳಗೆ ಬಂದಳು. ಅವನು ಮೇಜಿಗೆ ಕೈ ಚಾಚಿದ. ಭುಜ ಏಳಲಿಲ್ಲ. ಏಳಲು ನೋಡಿದ. ಮಂಡಿ ಏಳಲಿಲ್ಲ. ಬೆರಳು ಕೀಲಿಗೆ ತಾಗಿತು. ನುಣ್ಣಗಿನ ಬೆರಳು, ಜಾರಿತು.

ಅವಳು ಎತ್ತಿಕೊಂಡಳು.

"ಸಂಜಿಗಿ ಬರ್ತೀನಿ, ಸುಮ್ಮನ ಮಲಕ್ಕೋ" ಎಂದು ಕೀಲಿ ಕುಣಿಸುತ್ತ ಹೊರಟಳು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು.

ಕ್ರಾಂತಿಕುಮಾರ್ ಚೀರುತ್ತ ಎದ್ದ. ಓಡಿದ. ಬಸ್ ಸ್ಟ್ಯಾಂಡ್ ದಾಟಿ, ಮೆಕ್ಕೆಜೋಳದ ಗಾಡಿಗಳ ನಡುವೆ ನುಗ್ಗಿ, ಹಡಗಲಿ ರಸ್ತೆಯವರೆಗೂ ಓಡಿದ. ಕಾರು ಆಗಲೇ ಕಣ್ಮರೆಯಾಗಿತ್ತು. ಅವನಿಗೆ ಉಬ್ಬಸ ಬಂದಿರಲಿಲ್ಲ. ಮಂಡಿ ಒಂದಿಷ್ಟೂ ನೋಯುತ್ತಿರಲಿಲ್ಲ.