ಕೊಟ್ಟರೂ ಮನೆಯಲ್ಲೇ ಇದ್ದ ದೇಗ್

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹೊಸಕೋಟೆಯ ಠಾಣೆಗೆ ಬಂದ ಬಿರಿಯಾನಿ ಭಟ್ಟ ಖಲೀಲುಲ್ಲಾ, ಕೂರುವ ಮೊದಲೇ ತಮ್ಮ ದೇಗ್ ಕಳುವಾಗಿದೆ ಎಂದರು. ಅವರ ತಂದೆಯ ಕಾಲದ ದೊಡ್ಡ ತಾಮ್ರದ ಪಾತ್ರೆ ಅದು. ಒಮ್ಮೆ ಇಳಿಸಿದರೆ ಇನ್ನೂರು ಜನ ಉಣ್ಣಬಹುದು. ಸರ, ಬೈಕು, ಎಮ್ಮೆಗಳ ಕಳ್ಳತನ ಬರೆದು ಕೈ ಪಳಗಿದ್ದ ಹೆಡ್ ಕಾನ್‌ಸ್ಟೆಬಲ್ ಮುನಿವೆಂಕಟಪ್ಪನಿಗೆ ಈ ದೂರು ಬರೆಯುವಾಗ ಬಾಯಲ್ಲಿ ನೀರೂರಿತು. ಮಸಾಲೆಯ ವಿವರ ಬೇಡವೆಂದು ಗದರಿ ಇನ್‌ಸ್ಪೆಕ್ಟರ್ ರೂಪ ಎಫ್‌ಐಆರ್ ಮುಗಿಸಿದರು.

ಎಂಟೂವರೆಗೆ ಸ್ಥಳ ಪಂಚನಾಮೆ ನಡೆಯಿತು. ಅಡುಗೆ ಶೆಡ್ಡಿನ ಬೀಗ ಒಡೆದಿರಲಿಲ್ಲ. ಕಳ್ಳ ದೇಗ್ ಸಾಗಿಸಿ, ಮತ್ತೆ ಬೀಗ ಜಡಿದು, ಕೀಲಿಯನ್ನು ಅದರ ಮಾಮೂಲಿ ಡಬ್ಬದಲ್ಲೇ ಇಟ್ಟು ಹೋಗಿದ್ದ. ಇಂಥ ಅಚ್ಚುಕಟ್ಟು ಮನೆಯವರಿಗೆ ಮಾತ್ರ ಬರುತ್ತದೆಂದು ರೂಪಾಗೆ ಅನ್ನಿಸಿತು. ಖಲೀಲುಲ್ಲಾ ಮಾತ್ರ ಎದುರುಗಡೆ ಹೋಟೆಲಿನವನ ಕಡೆಗೇ ಬೆರಳು ತೋರಿಸುತ್ತಿದ್ದರು.

ಪಕ್ಕದ ಟೀ ಅಂಗಡಿಯ ಕ್ಯಾಮೆರಾದಲ್ಲಿ, ರಾತ್ರಿ ಶೆಡ್ಡಿನ ಮುಂದೆ ನಿಂತಿದ್ದ ಒಂದು ಲಗೇಜ್ ಆಟೋ ಕಂಡಿತು. ಅದು ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದ್ದು ಎಂದು ತಿಳಿದ ಮೇಲೆ ರೂಪ ಮುನಿವೆಂಕಟಪ್ಪನನ್ನು ಮಫ್ತಿಯಲ್ಲಿ ಕಳಿಸಿದರು. ಮಧ್ಯಾಹ್ನ ಒಂದಕ್ಕೆ ಅವನ ಫೋನ್ ಬಂತು.

"ಮೇಡಂ, ದೇಗ್ ಸಿಕ್ತು. ಆದ್ರೆ ಕ್ಯೂನಲ್ಲಿ ನನ್ನ ಮುಂದೆ ಇನ್ನೂ ಹತ್ತು ಜನ ಇದಾರೆ."

ಅಲ್ಲಿ ಒಂದು ಕಾರ್ಖಾನೆಯ ಗೇಟಿನೆದುರು ಬಿರಿಯಾನಿ ಬಡಿಸಿ ಮಾರುತ್ತಿದ್ದವಳು ಖಲೀಲುಲ್ಲಾ ಅವರ ಮಗಳು ಅಂಬರೀನ್. ತುಂಬಿದ ದೇಗ್ ವಶಪಡಿಸಿಕೊಂಡರೆ ಬಿರಿಯಾನಿಯೂ ಠಾಣೆಯ ಸ್ವತ್ತಾಗುತ್ತದೆ. ಆದ್ದರಿಂದ ಅಲ್ಲಿಗೆ ಬಂದ ರೂಪ ಖಾಲಿಯಾಗುವವರೆಗೆ ಕಾದು ಪಂಚನಾಮೆ ಬರೆಸಿದರು. ಖಾಲಿ ಮಾಡಲು ಯಾರ್ಯಾರು ಸಹಕರಿಸಿದರು ಎಂಬುದನ್ನು ಮುನಿವೆಂಕಟಪ್ಪ ಅದರಲ್ಲಿ ನಮೂದಿಸಲಿಲ್ಲ.

"ಕದ್ದಿದ್ದು ಯಾಕೆ?" ಎಂದು ರೂಪ ಕೇಳಿದರು.

"ಕದ್ದಿಲ್ಲ ಮೇಡಂ, ನಂದೇ. ಮದ್ವೇಲಿ ಅಬ್ಬಾ ಕೊಟ್ಟಿದ್ದು."

ಅವಳ ಮೊಬೈಲಿನಲ್ಲಿ ಸಾಕ್ಷಿಯೂ ಇತ್ತು. ನಾಲ್ಕು ವರ್ಷದ ಹಿಂದಿನ ವಿಡಿಯೊದಲ್ಲಿ ಖಲೀಲುಲ್ಲಾ ಮೈಕ್ ಹಿಡಿದು, ಇವತ್ತಿಂದ ಈ ದೇಗ್ ಮಗಳಿಗೆ ಕೊಟ್ಟೆ ಎನ್ನುತ್ತಾರೆ. ನೆಂಟರು ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ದೇಗ್‌ನಲ್ಲಿ ಅವರೇ ಬಿರಿಯಾನಿ ಹಾಕಿದರು, ಅಂದಿನಿಂದಲೂ ಹಾಕುತ್ತಲೇ ಇದ್ದರು. ಈಗ ಅವಳ ಗಂಡ ನವಾಜ್ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿತ್ತು, ಮನೆ ನಡೆಯಲು ಬೇರೆ ದಾರಿ ಇರಲಿಲ್ಲ. ಮಗಳು ರಸ್ತೆಯಲ್ಲಿ ಸೌಟು ಹಿಡಿಯುವುದು ಅಪ್ಪನಿಗೆ ಒಪ್ಪಿಗೆಯಿರಲಿಲ್ಲ. ದೇಗನ್ನು ಛತ್ರದವನೊಬ್ಬನಿಗೆ ಮಾರಲೂ ಅವರು ಮಾತಾಡಿದ್ದರು; ಅದು ತಿಳಿದೇ ಅವಳು ರಾತ್ರಿ ಆಟೋ ತಂದಿದ್ದಳು.

ರೂಪಾಗೆ ತಲೆಬಿಸಿಯಾಯಿತು. ಕೊಟ್ಟದ್ದು ನಿಜವಾದರೆ ಕಳ್ಳತನವೇ ಇಲ್ಲ. ನಿವೃತ್ತ ಸರ್ಕಾರಿ ವಕೀಲ ಆದಿನಾರಾಯಣಪ್ಪನವರಿಗೆ ಫೋನ್ ಮಾಡಿದರು.

"ಕೊಡೋದಾದ್ರೆ ಕೈ ದಾಟಿಸ್ಬೇಕಮ್ಮ," ಎಂದರು ಅವರು. "ಇಲ್ಲಾ, ಇನ್ಮೇಲೆ ಇದು ಅವಳದು, ಅವಳ ಪರವಾಗಿ ನಾನು ಇಟ್ಕೊಂಡಿರ್ತೀನಿ ಅನ್ಬೇಕು. ಆಗ ಅದು ಟ್ರಸ್ಟು. ಮಾರೋಕ್ ಹೋದ್ರೆ ಅವರೇ ಅಪರಾಧಿ. ಇವರು ಎರಡೂ ಮಾಡ್ಲಿಲ್ವಲ್ಲ. ಅರ್ಧಕ್ಕೆ ನಿಂತ ದಾನಾನ ಟ್ರಸ್ಟ್ ಅಂತ ಕರೆದು ಕಾನೂನು ಎತ್ತಿ ನಿಲ್ಸಲ್ಲ."

ಅಂದರೆ ದೇಗ್ ಇನ್ನೂ ಅಪ್ಪನದೇ. ಬೇಸರದಿಂದಲೇ ರೂಪ ನಾಲ್ಕು ಗಂಟೆಗೆ ಅಂಬರೀನ್‌ಳ ದಸ್ತಗಿರಿ ದಾಖಲಿಸಿದರು. ಬಂಧಿತಳ ಹತ್ತಿರದ ಸಂಬಂಧಿಗೆ ವಿಷಯ ತಿಳಿಸಿ ಸಹಿ ಪಡೆಯಬೇಕು. ಅವಳು ಅಪ್ಪನ ಹೆಸರು ಕೊಟ್ಟಳು. ಕಳ್ಳನ ಮುಖ ನೋಡಲು ಹುಮ್ಮಸ್ಸಿನಿಂದ ಬಂದ ದೂರುದಾರರು ಆರೋಪಿಯ ತಂದೆಯಾಗಿ ಪೆನ್ನು ಹಿಡಿಯಬೇಕಾಯಿತು.

ಖಲೀಲುಲ್ಲಾ ಪೆನ್ನನ್ನು ಆ ಕಾಗದದ ಮೇಲೆ ಇಟ್ಟುಬಿಟ್ಟರು. "ಅವಳಿಗೋಸ್ಕರಾನೇ ಇಟ್ಕೊಂಡಿದ್ದೆ ಅಂತ ಬರ್ಕೊಳಿ ಮೇಡಂ. ನನ್ನನ್ನೇ ಒಳಗೆ ಹಾಕಿ."

"ಅದನ್ನ ಅವತ್ತು ಹೇಳ್ಬೇಕಿತ್ತು ಸಾಬ್ರೇ. ವಿಡಿಯೊ ನಾನು ನೋಡಿದೀನಿ."

ಅವರು ಮಗಳ ಕಡೆ ತಿರುಗಿ, ಒಂದು ಮಾತು ಕೇಳಬಾರದಿತ್ತಾ ಎಂದರು.

"ಕೇಳ್ದಾಗೆಲ್ಲ ಕೊಟ್ಟೆ ಅಂದ್ರಲ್ಲ ಅಬ್ಬಾ," ಎಂದಳು ಅಂಬರೀನ್. "ಇನ್ನೊಂದ್ಸಲ ಕೇಳಿದ್ರೂ ಅದನ್ನೇ ಅಂತಿದ್ರಿ."

ಮುದುಕರ ಕಣ್ಣು ತುಂಬಿತು; ಸಹಿ ಹಾಕಿದರು. ಮರುದಿನ ಅವಳಿಗೆ ಜಾಮೀನು ನಿಂತವರೂ ಅವರೇ.

ವಾರದ ಬಳಿಕ ನ್ಯಾಯಾಲಯ ದೇಗನ್ನು ಖಲೀಲುಲ್ಲಾ ಅವರ ಸುಪರ್ದಿಗೆ ಬಿಟ್ಟಿತು; ಮೊಕದ್ದಮೆ ಮುಗಿಯುವವರೆಗೆ ಯಾರಿಗೂ ಕೊಡಕೂಡದೆಂಬ ಷರತ್ತು ಹಾಕಿತು. ಅವರು ಅದನ್ನು ಠಾಣೆಯಿಂದ ಹೊರಗೆ ತಂದರು. ಅಂಬರೀನ್‌ಳ ಲಗೇಜ್ ಆಟೋ ರಸ್ತೆಯಲ್ಲಿ ನಿಂತಿತ್ತು. ಒಂದು ಬದಿ ಮುನಿವೆಂಕಟಪ್ಪ ಹಿಡಿದ, ಇನ್ನೊಂದು ಬದಿ ಅವರೇ ಹಿಡಿದು ಮೇಲೇರಿಸಿದರು. ರೂಪ ಆ ಹೊತ್ತಿಗೆ ಸರಿಯಾಗಿ ಹೆದ್ದಾರಿಯ ವಾಹನ ಸಂಚಾರ ನೋಡುತ್ತಿದ್ದರು.

ದೇಗನ್ನು ಹಗ್ಗದಿಂದ ಬಿಗಿದು, ಮಗಳ ಕೈಗೆ ಸೌಟು ಕೊಟ್ಟು, ಖಲೀಲುಲ್ಲಾ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕೊಟ್ಟೆ ಎಂದು ಮಾತ್ರ ಈ ಸಲ ಹೇಳಲಿಲ್ಲ.