ಕಂಬಳಿ ಹೊದಿಸಿದವನು

"ಗಾಜು ಏರಿಸಲೇ!"

ನಾನು ಕೂಗುವಷ್ಟರಲ್ಲಿ ಪಕ್ಕಕ್ಕೆ ಬಂದ ಪಿಕಪ್ಪಿನಿಂದ ಒಂದು ಕೈ ನಮ್ಮ ಕಾರಿನೊಳಗೆ ನುಗ್ಗಿತು. ಹಿಂದಿನ ಸೀಟಿನಲ್ಲಿದ್ದ ವಿರುಪಾಕ್ಷಿಯ ಅಂಗಿ ಹಿಡಿಯಿತು. ನಾನು ಸ್ಟಿಯರಿಂಗ್ ಎಳೆದೆ. ಅಂಗಿ ಪರ್ರೆಂದು ಹರಿಯಿತು. ಕೈ ಹೊರಗೆ!

ಹನುಮಸಾಗರದಿಂದ ಕುಷ್ಟಗಿಯ ದಾರಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕಾರಿನ ಎಸಿ ಕೆಟ್ಟು ವರ್ಷವಾಗಿತ್ತು...

"ಯಾರಲೇ ಅವರು?"

"ಗೊತ್ತಿಲ್ರಿ ಅಣ್ಣಾರ! ನೀವು ಗಾಡಿ ಬಿಡ್ರಿ!"

"ಕರಿಬಸಪ್ಪನ ಮಂದಿ?"

"ಇರಬೇಕ್ರಿ!"

ನನ್ನ ಕಸುಬು ಗೊತ್ತಲ್ಲ ಸ್ವಾಮಿ? ಆಗದ ಕೆಲಸ ಆಗಿಸುವುದು. ಠಾಣೆ, ಕಚೇರಿ, ಜಗಳ... ಈ ಸಲ ಹಲ್ಲು!

ಗಂಗಾವತಿಯಲ್ಲಿ ಡಾಕ್ಟರ್ ವಾಣಿಶ್ರೀ ಹಲ್ಲಿನ ಸಂಶೋಧನೆ ನಡೆಸುತ್ತಿದ್ದರು. ದವಡೆಯ ಎಕ್ಸ್‌ರೇ ನೋಡಿ, ವಂಶದಲ್ಲಿ ಹರಿದುಬರುವ ಅಪರೂಪದ ಕಾಯಿಲೆಗಳನ್ನು ಕಂಪ್ಯೂಟರೇ ಗುರುತಿಸಬೇಕು. ಅದಕ್ಕೆ ಕಲಿಸಲು ಅಂಥ ದವಡೆಗಳು ಬೇಕು. ವಿರುಪಾಕ್ಷಿಯ ಬಾಯಲ್ಲಿ ಇದ್ದದ್ದು ನಾಲ್ಕೇ ಹಲ್ಲು. ನಾಲ್ಕೂ ಮೊಳೆಯಂತೆ ಚೂಪು. ತಲೆಯ ಮೇಲೆ ಅಲ್ಲಲ್ಲಿ ಎಳೆಗೂದಲು. ಇಪ್ಪತ್ತು ದಾಟಿದವನು ಹಣ್ಣುಮುದುಕನಂತೆ ಕಾಣುತ್ತಿದ್ದ.

ಇಂಥವರನ್ನು ಹುಡುಕಿ ತರುವುದು ನನ್ನ ಕೆಲಸ. ಬೇರೊಂದು ಕಂಪನಿಗಾಗಿ ಕರಿಬಸಪ್ಪನೂ ಅದೇ ಕೆಲಸಕ್ಕೆ ಇಳಿದಿದ್ದ. ಹಿಂದಿನ ವಾರ ನನ್ನ ಕೈಯಲ್ಲಿದ್ದ ಒಬ್ಬನನ್ನು ಹಾರಿಸಿಕೊಂಡು ಹೋಗಿದ್ದ. ಹಾಗಾಗಿ ವಿರುಪಾಕ್ಷಿಯ ತಾಯಿ ಕನಕಮ್ಮ, "ಸಂಜಿಗೆ ಬಾರಪಾ, ಬಿಸಲಿಳೀಲಿ" ಅಂದಾಗ ನನಗೆ ಅನುಮಾನ. ಕರಿಬಸಪ್ಪನಿಗೆ ಮಾತು ಕೊಟ್ಟಿದ್ದಾಳೆ! ಅವಳು ಮರೆಯಾದದ್ದೇ ತಡ, ಹೊಲದ ನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನನ್ನು ಎಬ್ಬಿಸಿ ಕಾರು ಹತ್ತಿಸಿದ್ದೆ.

"ಅಣ್ಣಾರ, ಡಾಕ್ಟರ್ ಖರೇನ ಹಲ್ಲು ಹಚ್ಚತಾರ?"

"ಬಾಯಿ ತುಂಬ!"

"ಕಟಕ್ ರೊಟ್ಟಿ ಕಡೀಬೌದು?"

"ಕಲ್ಲೂ ಕಡಿಯಂತಿ, ಸುಮ್ಮನ ಕುಂದ್ರು!"

"ಹುಟ್ಟಿದಾಗಿಂದ ಸಾರಿನ್ಯಾಗ ನೆನಸೇ ತಿಂದೀನ್ರಿ..."

ಕನ್ನಡಿಯಲ್ಲಿ ನೋಡಿದೆ. ಪಿಕಪ್ಪಿನ ಹಿಂಭಾಗದಲ್ಲಿ ಮುಖ ಮುಚ್ಚಿಕೊಂಡ ಯಾರೋ ನಿಂತಿದ್ದರು. ಕೈಯಲ್ಲಿ ಏನೋ ಫಳ್ಳೆಂದು ಹೊಳೆಯಿತು.

ಮಚ್ಚು!

ಕಾರನ್ನು ಕಲ್ಲಿನ ಕ್ವಾರಿಯೊಳಗೆ ತಿರುಗಿಸಿದೆ. ಕೊರೆದಿಟ್ಟ ಕೆಂಪು ಬಂಡೆಗಳ ಹಿಂದೆ ನಿಲ್ಲಿಸಿದೆ. ಎಂಜಿನ್ ಬಂದ್. ಗಾಜು ಬಂದ್. ಪಿಕಪ್ ಧೂಳೆಬ್ಬಿಸುತ್ತ ಮುಂದೆ ಹೋಯಿತು.

ನಕ್ಕೆ. ಹಿಂದೆ ತಿರುಗಿದೆ.

ವಿರುಪಾಕ್ಷಿ ನಗುತ್ತಿರಲಿಲ್ಲ. ಮುಖ ಒಣಮೆಣಸಿನಕಾಯಿಯ ಕೆಂಪು. ಹಣೆ ಮುಟ್ಟಿದೆ... ಕಾದ ಹಂಚು!

"ಜ್ವರ ಬಂದಾವಲೇ!"

ನಮ್ಮ ಕಡೆ ಜ್ವರಕ್ಕೆ ಒಂದೇ ಮದ್ದು. ಡಿಕ್ಕಿಯಿಂದ ಕಂಬಳಿ ತಂದೆ. ಅಡಿಯಿಂದ ಮುಡಿಯವರೆಗೆ ಸುತ್ತಿದೆ.

"ಬ್ಯಾಡ್ರಿ... ನನಗ..."

"ಬೆವತಿ ಅಂದ್ರ ಇಳೀತೈತಿ. ಮಲಕೋ!"

ಅವನು ಕಂಬಳಿ ಕಿತ್ತೆಸೆಯಲು ನೋಡಿದ. ನಾನು ಒತ್ತಿ ಹಿಡಿದೆ. ಇದೇ ಕೈ ಸ್ವಾಮಿ... ಇದೇ ಕೈ!

ಫೋನ್ ಬಡಿದುಕೊಂಡಿತು. ವಾಣಿಶ್ರೀ.

"ಗುರುಬಸವ, ಎಲ್ಲಿದ್ದೀರಿ?"

"ಹುಡುಗನಿಗೆ ಜ್ವರ ಮೇಡಂ. ಕಂಬಳಿ ಹೊದಿಸಿದ್ದೀನಿ."

"ಏನು? ತೆಗೀರಿ! ಅವನಿಗೆ ಬೆವರೇ ಬರಲ್ಲ ಕಣ್ರೀ! ಹಲ್ಲಷ್ಟೇ ಅಲ್ಲ, ಬೆವರಿನ ಗ್ರಂಥಿಗಳೂ ಇಲ್ಲ. ಹುಟ್ಟಿನಿಂದ! ಎಸಿ ಗಾಡಿ ಒಯ್ಯಿರಿ ಅಂತ ಹೇಳಿದ್ದೆ. ಹೂಂ ಅಂದಿದ್ದಿರಿ!"

ಹೂಂ ಅಂದಿದ್ದೆ. ಹಳ್ಳಿಯವನಿಗೆ ಎಸಿ ಯಾಕೆ ಅಂದುಕೊಂಡಿದ್ದೆ.

"ನೀರು ಹಾಕಿ! ಮೈ ತುಂಬ! ಈಗಲೇ!"

ಬಾಟಲಿಯಲ್ಲಿ ಒಂದು ಗುಟುಕೂ ಇರಲಿಲ್ಲ. ಕ್ವಾರಿ ಖಾಲಿ. ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಹತ್ತಿರ ಇದ್ದದ್ದು ಆ ಪಿಕಪ್ ಒಂದೇ.

ಮಚ್ಚಾದರೆ ಮಚ್ಚು!

ಗಾಜೆಲ್ಲ ಇಳಿಸಿ, ಹಾರ್ನ್ ಒತ್ತಿಕೊಂಡೇ ರಸ್ತೆಗೆ ನುಗ್ಗಿದೆ. ಪಿಕಪ್ ಹುಡುಕುತ್ತ ವಾಪಸ್ ಬರುತ್ತಿತ್ತು. ಅಡ್ಡ ನಿಲ್ಲಿಸಿ ಕೈಯೆತ್ತಿ ಇಳಿದೆ.

ಹಿಂಭಾಗದಿಂದ ಜಿಗಿದದ್ದು ಒಬ್ಬ ಹೆಂಗಸು. ಮುಖದ ಸೆರಗು ಜಾರಿತು. ಕನಕಮ್ಮ! ಕಂಕುಳಲ್ಲಿ ಸ್ಟೀಲಿನ ಕೊಡ. ಹೊಳೆದದ್ದು ಅದು!

ಆಗ ಕಾರಿನೊಳಗೆ ಕೈ ಹಾಕಿ ಅಂಗಿ ಹರಿದವನು ಅವಳ ಗಂಡ ಹುಲಗಪ್ಪ. ನನ್ನ ಕುತ್ತಿಗೆಪಟ್ಟಿ ಹಿಡಿದ.

"ಅವನ್ನ ಆಮ್ಯಾಲ ಹೊಡಿ! ಮೊದಲ ಹುಡುಗನ್ನ ಇಳಿಸು!" ಕನಕಮ್ಮ ಚೀರಿದಳು.

ಕೊಡ ಮಗನ ಮೇಲೆ ಬೋರಲಾಯಿತು. ಅವಳು ಕಾರಿನಲ್ಲಿದ್ದ ಕಂಬಳಿ ನೋಡಿದಳು. ನನ್ನನ್ನು ನೋಡಿದಳು.

"ನಮ್ಮಣ್ಣಗೂ ಹಿಂಗ ಹೊಚ್ಚಿದ್ರು. ಅದರಾಗ ಹೋದ."

ಅಷ್ಟೇ ಅಂದಳು.

ಕುಷ್ಟಗಿಯ ಆಸ್ಪತ್ರೆಯಲ್ಲಿ ಐಸು, ಫ್ಯಾನು, ಸಲೈನು. ಹೊರಗಿನ ಬೆಂಚಿನ ಮೇಲೆ ನಾನು. ಯಾರೂ ಹೋಗು ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಸಂಜೆ ವಿರುಪಾಕ್ಷಿ ಕಣ್ಣು ಬಿಟ್ಟ.

"ಅವ್ವಾ, ಅಣ್ಣಾರಿಗೆ ಬೈಬ್ಯಾಡ. ಹಿಂದ ಬಂದವರು ನೀವು ಅಂತ ಗೊತ್ತಿದ್ರೂ, ಗೊತ್ತಿಲ್ಲ ಅಂತ ನಾನ ಸುಳ್ಳ ಹೇಳೀನಿ. ವಾಪಸ್ ಒಯ್ದೀರಿ ಅಂತ... ಹಲ್ಲು ಬೇಕಾಗಿತ್ತು."

ಅವನು ನನ್ನ ಪರ ಮಾತಾಡಿದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ವಾಣಿಶ್ರೀ ಓಡೋಡಿ ಬಂದರು. ನನ್ನ ಕಡೆ ನೋಡದೆ ಕನಕಮ್ಮನ ಕೈ ಹಿಡಿದರು.

"ಅಮ್ಮ, ಇನ್ನು ಮುಂದೆ ಈ ಮನುಷ್ಯ ನಿಮ್ಮ ಮನೆಯ ಹತ್ತಿರ ಸುಳಿಯಲ್ಲ. ಕೆಲಸದಿಂದ ತೆಗೆದೆ."

"ತೆಗೀಬ್ಯಾಡ್ರಿ ಬಾಯಾರ," ಅಂದಳು ಕನಕಮ್ಮ. "ನನ್ನ ತವರಿನ ಕಡೆ ಇನ್ನೂ ಇಂಥಾ ಹುಡುಗ್ರು ಅದಾರ. ಹೊಸಾಬನ್ನ ಕಳಿಸಿದ್ರ ಅಂವಾ ಮತ್ತ ಕಂಬಳಿ ಹೊಚ್ಚತಾನ. ಇವಗ ಈಗ ಗೊತ್ತಾಗೇತಿ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ ಸ್ವಾಮಿ... ಆ ಹೆಂಗಸು ನನಗೆ ಕೆಲಸ ಉಳಿಸಿಕೊಟ್ಟಳು!